ಹೊಟ್ಟೆ ತುಂಬಿದ ಕೌದಿ

ಯಾವ ಬಟ್ಟೆ ಕೈಗೆ ಬಂದರೂ ನಾನು ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಹೊಲಿಗೆ ಟೀಚರಾಗಿದ್ದವಳಿಗೆ ಅಂಟಿದ ಚಟ ಇದು. ಮದುವೆ ಮನೆಯಲ್ಲಿ ಯಾರಾದರೂ ಹೊಸ ರೇಷ್ಮೆ ಸೀರೆ ತೋರಿಸಿದರೆ ಉಳಿದವರು ಸೆರಗಿನ ಬಣ್ಣ ನೋಡುತ್ತಾರೆ, ನಾನು ಸೆರಗು ತಿರುವಿ ಹಾಕುತ್ತೇನೆ. ಇದಕ್ಕಾಗಿ ಬೀಗಿತ್ತಿಯರ ಕೈಲಿ ಬೈಸಿಕೊಂಡದ್ದೂ ಇದೆ. ಮುಂಬದಿಯನ್ನು ಯಾರು ಬೇಕಾದರೂ ಚಂದ ಮಾಡುತ್ತಾರೆ. ಗಂಟು ಎಲ್ಲಿ ಬಿದ್ದಿದೆ, ದಾರ ಎಲ್ಲಿ ಜಗ್ಗಿದೆ, ಹೊಲಿಯುವವಳಿಗೆ ಎಲ್ಲಿ ಬೇಸರ ಬಂದು ಹೊಲಿಗೆ ಉದ್ದವಾಗಿದೆ ಎನ್ನುವುದೆಲ್ಲ ಹಿಂಬದಿಯಲ್ಲಿರುತ್ತದೆ. ಈ ಚಟ ಇಲ್ಲದಿದ್ದರೆ ಹೋದ ವರ್ಷ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ನೌಕರಿ ಮುದ್ದೇಬಿಹಾಳದಲ್ಲಿ ಶುರುವಾಯಿತು. ಆಮೇಲೆ ಇಂಡಿ ತಾಲ್ಲೂಕಿನ ಝಳಕಿ, ಕೊನೆಯ ಹದಿನಾಲ್ಕು ವರ್ಷ ಹೂವಿನ ಹಿಪ್ಪರಗಿ. ನಿವೃತ್ತಿಯಾದ ಮೇಲೆ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಯಾವ ಊರಿನ ಶಾಲೆಯಾದರೂ ಹೊಲಿಗೆ ಪೀರಿಯಡ್‌ಗೆ ಒಂದೇ ಮರ್ಯಾದೆ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದ ಮಾಸ್ತರರಿಗೆ ಬಿಟ್ಟುಕೊಡಬೇಕು. ಯಾರಾದರೂ ದೊಡ್ಡವರು ಬರುತ್ತಾರೆಂದರೆ ನನ್ನ ಹುಡುಗಿಯರು ಹಾರ ಕಟ್ಟಬೇಕು, ಟೇಬಲ್ಲಿಗೆ ಬಟ್ಟೆ ಹಾಸಬೇಕು. ಸೂಜಿ ಹಿಡಿಯುವುದು ಒಂದು ವಿದ್ಯೆ ಎಂದು ಸ್ಟಾಫ್ ರೂಮಿನಲ್ಲಿ ವಾದ ಮಾಡಿ ಮಾಡಿ ನನಗೆ ಜಗಳಗಂಟಿ ಎಂಬ ಹೆಸರು ಬಂತು. ಬರಲಿ, ನಾನು ಜಗಳಗಂಟಿಯೇ.

ಹೂವಿನ ಹಿಪ್ಪರಗಿಯಲ್ಲಿ ಒಂದು ಓಣಿಯಿದೆ. ಅಲ್ಲಿನ ಮನೆಗಳವರು ಬಹುತೇಕ ಕುರಿ ಸಾಕುವವರು, ಕೂಲಿಗೆ ಹೋಗುವವರು. ಮಧ್ಯಾಹ್ನ ಕೆಲಸ ತೀರಿದ ಮೇಲೆ ಹೆಂಗಸರು ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಕೂರುತ್ತಾರೆ. ಹಳೆ ಸೀರೆ, ಹಳೆ ಧೋತರ, ಕುಬಸದ ತುಂಡುಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದಲ್ಲ, ಅದಕ್ಕೆ ಅವರು ಕೌದಿಯ ಹೊಟ್ಟೆ ಎನ್ನುತ್ತಾರೆ. ಆ ಹೊಟ್ಟೆಯೊಳಗೆ ಐದು ಕಾಳು ಜೋಳ ಹಾಕಿ ಮುಚ್ಚಬೇಕು. ಹಸಿದ ಕೌದಿಯನ್ನು ಮಗುವಿಗಾಗಲಿ ಮುದುಕರಿಗಾಗಲಿ ಹೊದಿಸಬಾರದು ಎಂಬುದು ಅವರ ರೂಢಿ. ಇನ್ನೊಂದು ಕಟ್ಟಳೆಯೂ ಇದೆ. ಕೌದಿ ಶುರು ಮಾಡಿದವಳು ಅದರ ಹೊಟ್ಟೆ ಮುಚ್ಚುವಂತಿಲ್ಲ. ಊಟವನ್ನು ಇನ್ನೊಬ್ಬರು ಬಡಿಸಬೇಕು, ಹಾಗೆಯೇ ಇದನ್ನೂ ಬೇರೆ ಕೈ ಮುಚ್ಚಬೇಕು. ನಾಲ್ಕು ಸಲ ತೊಳೆದರೆ ಆ ಕಾಳು ಒಳಗೇ ಪುಡಿಯಾಗಿ ಹೋಗುತ್ತವೆ. ಹೋದರೆ ಕೌದಿಗೆ ಉಂಡದ್ದು ಅರಗಿತು ಎಂದು ಅವರು ನಗುತ್ತಾರೆ.

ಆ ಓಣಿಯ ಹುಡುಗಿಯೊಬ್ಬಳು ನನ್ನ ಕೈಯಲ್ಲಿ ಎಂಟನೇ ಇಯತ್ತೆಯಿಂದ ಕಲಿತಳು. ಕಲಿತಳು ಎನ್ನುವುದು ನನ್ನ ದೊಡ್ಡಸ್ತಿಕೆ. ಅವಳ ಆಯಿ, ಅಂದರೆ ಅಜ್ಜಿ, ಮೊದಲೇ ಎಲ್ಲ ಕಲಿಸಿಬಿಟ್ಟಿದ್ದಳು. ನಾನು ಕೊಟ್ಟ ಕರವಸ್ತ್ರವನ್ನು ಮೊದಲ ದಿನ ಅವಳು ಹೊಲಿದು ತಂದಾಗ ನಾನು ಎಂದಿನಂತೆ ಮಗುಚಿದೆ. ಮಗುಚಿದೆನೋ ಇಲ್ಲವೋ ಎಂದು ನನಗೇ ಅನುಮಾನ ಬಂತು, ಹಿಂದೂ ಮುಂದೂ ಅಷ್ಟು ಒಂದೇ ಸಮ ಇತ್ತು. ಅವಳ ಅಪ್ಪ ವರ್ಷದಲ್ಲಿ ಅರ್ಧ ಕಾಲ ಕುರಿಯ ಹಿಂದೆ ಊರೂರು ತಿರುಗುವವನು. ಅವ್ವ ಹೊಲದ ಕೆಲಸದವಳು. ಹುಡುಗಿ ದಿನವೂ ಬಸ್ಸಿನಲ್ಲಿ ಬಾಗೇವಾಡಿಗೆ ಬಂದು ಡಿಗ್ರಿ ಮುಗಿಸಿದಳು. ಕಾಲೇಜು ಬಿಟ್ಟ ಮೇಲೆ ನನ್ನ ಮನೆಗೆ ಬಂದು ಚಹಾ ಕುಡಿದು, ನನ್ನ ಹೊಲಿಗೆ ಪೆಟ್ಟಿಗೆ ಕೆದಕಿ, ಸಂಜೆ ಬಸ್ಸು ಹತ್ತುತ್ತಿದ್ದಳು.

ಅವಳ ಮನೆಯ ಟ್ರಂಕಿನಲ್ಲಿ ಒಂದು ಕೌದಿಯಿತ್ತು. ಆಯಿಯ ಅವ್ವ ಹೊಲಿದದ್ದಂತೆ. ಈಗಿನ ಯಾವ ಅಂಗಡಿಯಲ್ಲೂ ಸಿಗದ ಕೆಂಪು, ಕಿರುಬೆರಳಿನ ಉಗುರಿಗಿಂತ ಚಿಕ್ಕ ಹೊಲಿಗೆ. ಆದರೆ ಮುಟ್ಟಿದರೆ ಬಟ್ಟೆ ಪುಡಿಯಾಗಿ ಬೆರಳಿಗೆ ಹತ್ತುತ್ತಿತ್ತು. ಹರಿದಲ್ಲಿ ಅವಳು ಒಂದು ತೇಪೆ ಹಚ್ಚಿದರೆ ಅದರ ಭಾರಕ್ಕೆ ಪಕ್ಕದಲ್ಲಿ ಇನ್ನೊಂದು ಹರಿಯಿತು. ಅದನ್ನು ನನ್ನ ಮುಂದೆ ಹರವಿ, ಇದನ್ನು ಉಳಿಸುವುದು ಹೇಗೆ ಎಂದು ಕೇಳಿದಳು. ಹೊಸದನ್ನು ಹೊಲಿಯುವುದು ನನಗೆ ಗೊತ್ತು, ಸಾಯುತ್ತಿರುವ ಬಟ್ಟೆಯನ್ನು ಬದುಕಿಸುವುದು ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿದೆ. ಆ ದಿನ ಅವಳ ಮುಖ ಸಣ್ಣದಾದದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ಇದಾದ ಕೆಲವು ತಿಂಗಳಿಗೆ ಬೆಂಗಳೂರಿನ ಡಿಸೈನ್ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಯಾರೋ ನನ್ನ ಹಳೆಯ ವಿದ್ಯಾರ್ಥಿನಿ ನಂಬರ್ ಕೊಟ್ಟಿದ್ದಳಂತೆ. ಕೌದಿಯ ಮೇಲೆ ಪ್ರಾಜೆಕ್ಟ್ ಮಾಡಬೇಕಂತೆ. ಒಳ್ಳೆಯ ಹುಡುಗಿ, ಸುಳ್ಳು ಯಾಕೆ ಹೇಳಲಿ. ನಾಲ್ಕು ದಿನ ನನ್ನ ಮನೆಯಲ್ಲಿದ್ದಳು. ಎಣ್ಣೆಗಾಯಿ ಹಚ್ಚಿಕೊಂಡು ಮೂರು ಮೂರು ರೊಟ್ಟಿ ತಿಂದಳು, ತಟ್ಟೆ ತಾನೇ ತೊಳೆದಳು, ಆಂಟಿ ಆಂಟಿ ಎಂದು ಹಿಂದೆ ಮುಂದೆ ಓಡಾಡಿದಳು. ನಾನೇ ಅವಳನ್ನು ಆ ಓಣಿಗೆ ಕರೆದುಕೊಂಡು ಹೋದೆ. ಅದನ್ನು ನಾನು ಯಾರ ತಲೆಗೂ ಕಟ್ಟುವಂತಿಲ್ಲ. ಕಟ್ಟೆಯ ಮೇಲೆ ಕೂರಿಸಿ, ಇವಳಿಗೊಂದು ಕೌದಿ ಹೊಲಿದುಕೊಡಿ ಎಂದು ಹೆಂಗಸರಿಗೆ ಹೇಳಿದವಳೂ ನಾನೇ.

ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೋರಿಸಿದಳು. ಚೌಕಗಳು, ಚೌಕದೊಳಗೆ ಚೌಕಗಳು. ಯಾವ ಬಣ್ಣ ಎಲ್ಲಿ ಬರಬೇಕೆಂದು ಕಾಗದದ ಮೇಲೆ ಅಂಕಿ ಹಾಕಿ ಕೊಟ್ಟಳು. ಓಣಿಯ ಹೆಂಗಸರಿಗೆ ಅದನ್ನು ನೋಡಿ ನಗು. ಅವರು ಕಣ್ಣು ಮುಚ್ಚಿಕೊಂಡು ಹಾಕುವ ಚೌಕಗಳವು. ನನ್ನ ಹುಡುಗಿಯೇ ಕೌದಿ ಶುರು ಮಾಡಿದಳು, ಹೆಚ್ಚಿನದೆಲ್ಲ ಅವಳೇ ಹೊಲಿದಳು. ಅದು ಮುಗಿಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಡಿಸೈನ್ ಹುಡುಗಿ ಬೆಂಗಳೂರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಓಣಿಯ ಹಿರಿಯಳು, ಎಲ್ಲರೂ ದೊಡ್ಡವ್ವ ಎಂದು ಕರೆಯುವವಳು, ಹೊಟ್ಟೆಯಲ್ಲಿ ಜೋಳ ಹಾಕಿ ಮುಚ್ಚಿದಳು. ನಾನು ಬಾಗೇವಾಡಿಯಿಂದ ಕೊರಿಯರ್ ಮಾಡಿದೆ. ಹೆಂಗಸರು ಕೇಳಿದಷ್ಟು ಕೂಲಿಯನ್ನು ಆ ಹುಡುಗಿ ಕಳಿಸಿದಳು, ಜೊತೆಗೆ ಎಲ್ಲರಿಗೂ ಒಂದೊಂದು ಸೂಜಿ ಪಾಕೀಟು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡಿದ್ದೆ.

ಮರುವರ್ಷ ನನ್ನ ಮೊಬೈಲಿಗೆ ಒಂದು ಪ್ರಕಟಣೆ ಬಂತು. ಸಾಂಪ್ರದಾಯಿಕ ಕಸುಬು ಕಲಿಯುತ್ತಿರುವ ಯುವಕ ಯುವತಿಯರಿಗೆ ಹೊರದೇಶದಲ್ಲಿ ಎಂಟು ತಿಂಗಳ ಕಲಿಕೆ, ಹೋಗಿ ಬರುವ ಖರ್ಚು, ಊಟ ವಸತಿ ಎಲ್ಲ ಅವರದೇ. ಯುರೋಪಿನ ಉತ್ತರಕ್ಕಿರುವ ಒಂದು ಥಂಡಿ ದೇಶದ ಕರಕುಶಲ ಶಾಲೆ. ಅಲ್ಲಿ ಕಲಿಸುವ ವಿಷಯಗಳಲ್ಲಿ ಹಳೆಯ ಬಟ್ಟೆಗಳನ್ನು ಕೆಡದಂತೆ ಉಳಿಸುವ ವಿದ್ಯೆಯೂ ಇತ್ತು. ಆ ಸಾಲನ್ನು ಮೂರು ಸಲ ಓದಿದೆ. ಕೂಡಲೇ ಹುಡುಗಿಗೆ ಫೋನ್ ಮಾಡಿದೆ. ಅವಳು ಮರುದಿನ ಮೊದಲ ಬಸ್ಸಿಗೇ ಬಂದಳು. ಬರುವಾಗ ಆಯಿಯ ಅವ್ವನ ಕೌದಿಯ ಒಂದು ಚೂರನ್ನು ಕಾಗದದಲ್ಲಿ ಮಡಚಿ ತಂದಿದ್ದಳು. ಅರ್ಜಿಯ ಜೊತೆ ಅದನ್ನೂ ಕಳಿಸಬಹುದೇ ಎಂದು ಕೇಳಿದಳು.

ಅರ್ಜಿ ತುಂಬುವುದೇ ಒಂದು ತಪಸ್ಸಾಯಿತು. ಗುರುವಿನ ಹೆಸರು, ಗುರು ಎಲ್ಲಿ ತರಬೇತಿ ಪಡೆದರು, ಅದಕ್ಕೆ ಪ್ರಮಾಣಪತ್ರ. ಆಯಿಗೆ ಎಂಥ ಪ್ರಮಾಣಪತ್ರ? ಅವಳ ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮವಿದೆ, ಅದರ ಜೆರಾಕ್ಸ್ ತೆಗೆಸಲೇ ಎಂದು ನಾನು ಬೈದುಕೊಂಡೆ. ಪಾಸ್‌ಪೋರ್ಟ್ ಬೇಕೆಂದಿದ್ದರಿಂದ ಅದಕ್ಕೂ ಓಡಾಡಿದೆವು. ವಿಚಾರಣೆಗೆ ಬಂದ ಪೊಲೀಸಿನವನು, ಕೌದಿ ಹೊಲಿಯುವುದಕ್ಕೂ ಪರದೇಶಕ್ಕೆ ಹೋಗಬೇಕೇ, ಹುಡುಗಿಯನ್ನು ಎಲ್ಲಿಗೆ ಕಳಿಸುತ್ತಿದ್ದೀರಿ ಎಂದು ಅವಳ ಅಪ್ಪನನ್ನು ಕೇಳಿದನಂತೆ. ಕುರಿ ಬಿಟ್ಟು ಅದಕ್ಕಾಗಿಯೇ ಬಂದಿದ್ದ ಆ ಮನುಷ್ಯ, ಮಗಳು ಹೊಲಿದ ಕೌದಿಯನ್ನೇ ಹಾಸಿ ಪೊಲೀಸಿನವನನ್ನು ಕೂರಿಸಿದನಂತೆ. ಸಹಿ ಬಿತ್ತು.

ಅರ್ಜಿಯ ಜೊತೆ ಕಳಿಸಲು ಅವಳು ಹೊಸ ಕೌದಿ ಹೊಲಿದಳು. ಅಪ್ಪನ ಹಳೆಯ ಧೋತರ, ಆಯಿಯ ಸೀರೆ, ತನ್ನ ಹೈಸ್ಕೂಲಿನ ನೀಲಿ ಯೂನಿಫಾರ್ಮು. ಇಂದಿಗೂ ಕಣ್ಣಿಗೆ ಕಟ್ಟುವ ಕೆಲಸ ಅದು. ಕೊನೆಗೆ ಅರ್ಜಿಯ ಕೊನೆಯ ಪುಟಕ್ಕೆ ಬಂದೆವು. ಈ ಕೃತಿ ಸಂಪೂರ್ಣವಾಗಿ ನನ್ನ ಸ್ವಂತದ್ದು ಎಂದು ಬರೆದ ಕೆಳಗೆ ಹೌದು ಮತ್ತು ಇಲ್ಲ ಎಂಬ ಎರಡು ಖಾನೆ. ಹುಡುಗಿ ಪೆನ್ನು ಹಿಡಿದು ಕೂತುಬಿಟ್ಟಳು.

"ಹೌದು ಅಂತ ಬರಿ," ಎಂದೆ.

"ಹೊಟ್ಟಿ ದೊಡ್ಡವ್ವ ಮುಚ್ಯಾಳಲ್ರಿ ಅಕ್ಕೋರ. ಹೌದು ಅಂತ ಹೆಂಗ ಬರೀಲಿ?"

"ಅಂಗೈಯಷ್ಟು ಜಾಗ ಐತಿ ಅದು. ಅದನ್ನ ಯಾರ ಕೇಳ್ತಾರ?"

"ಅವರ ಕೇಳ್ಯಾರಲ್ರಿ. ಇಲ್ಲೇ ಬರದೈತಿ ನೋಡ್ರಿ."

ನನಗೆ ರೇಗಿತು. ಇಷ್ಟು ದಿನ ಓಡಾಡಿದ್ದು ಒಂದು ಟಿಕ್ ಮಾರ್ಕಿಗೆ ನಿಲ್ಲಬೇಕೇ ಎಂದು ಕೂಗಾಡಿದೆ. ಹಾಗಾದರೆ ನೀನೇ ಮುಚ್ಚಿ ಕಳಿಸು, ದೊಡ್ಡವ್ವನ ಹೊಲಿಗೆ ಬಿಚ್ಚು ಎಂದೂ ಹೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ಬಾಯಿ ಇದು. ಹುಡುಗಿ ತಲೆ ಎತ್ತದೆ, ಎರಡೂ ಖಾನೆ ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಳು: ಹೊಟ್ಟೆ ಬಿಟ್ಟು ಉಳಿದದ್ದೆಲ್ಲ ನನ್ನದು, ಹೊಟ್ಟೆ ನಮ್ಮ ಓಣಿಯ ದೊಡ್ಡವ್ವನದು.

ಸಂದರ್ಶನ ವಿಜಯಪುರದಲ್ಲಿತ್ತು. ನಾನೂ ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಮೂವರಿದ್ದರು. ಅಲ್ಲಿ ನಡೆದದ್ದನ್ನು ಅವಳು ಹೊರಗೆ ಬಂದ ಮೇಲೆ ಹೇಳಿದಳು. ಕೌದಿಯನ್ನು ಅವರು ಬಹಳ ಮೆಚ್ಚಿದರಂತೆ, ಫೋಟೋ ಹೊಡೆದುಕೊಂಡರಂತೆ. ಆಮೇಲೆ ಅರ್ಜಿಯ ಕೊನೆಯ ಪುಟ ತೆಗೆದು, ಹೊಟ್ಟೆ ಬಿಟ್ಟು ಎಂದರೇನು ಎಂದು ಕೇಳಿ ಮೂವರೂ ನಕ್ಕರಂತೆ. ಇವಳು ರೂಢಿಯನ್ನು ವಿವರಿಸಲು ಹೋದಳು. ಅವರಲ್ಲೊಬ್ಬರು, ಅದೆಲ್ಲ ಇರಲಿ, ಪೂರ್ತಿ ನಿನ್ನ ಕೆಲಸ ಹೌದೋ ಅಲ್ಲವೋ ಅಷ್ಟು ಹೇಳು ಎಂದರು. ಅಲ್ಲ ಎಂದಳು. ಅವರು ಏನೋ ಬರೆದುಕೊಂಡು ಮುಂದಿನವರನ್ನು ಕರೆದರು.

ಹದಿನೈದು ದಿನಕ್ಕೆ ಉತ್ತರ ಬಂತು. ಕೃತಿ ಉತ್ತಮವಾಗಿದೆ, ಆದರೆ ಅದು ಅಭ್ಯರ್ಥಿಯ ಸಂಪೂರ್ಣ ಸ್ವಂತ ಕೃತಿಯಲ್ಲವಾದ ಕಾರಣ ಪರಿಗಣಿಸಲಾಗಿಲ್ಲ. ಪತ್ರವನ್ನು ಓದಿ ಅವಳು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟಳು. ಅಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸುಳ್ಳು ಬರೆಸಲು ನನ್ನಿಂದ ಆಗಲಿಲ್ಲವಲ್ಲ ಎಂದು ಅತ್ತೆನೋ, ಬರೆಸಲು ಹೋದೆನಲ್ಲ ಎಂದು ಅತ್ತೆನೋ, ಈಗ ಹೇಳಲಾರೆ.

ಆದರೆ ಸಿಟ್ಟಿನ ಮಾತು ಇನ್ನೂ ಮುಂದಿದೆ. ಆಯ್ಕೆಯಾದವರ ಕೆಲಸಗಳ ಪ್ರದರ್ಶನವನ್ನು ಅದೇ ವಿಜಯಪುರದಲ್ಲಿ ಇಟ್ಟರು. ಆಯ್ಕೆಯಾಗದವರಿಗೂ ಕರೆಯೋಲೆ ಕಳಿಸಿದ್ದರು. ಸ್ಫೂರ್ತಿ ಪಡೆಯಲಿ ಎಂದಂತೆ. ಹುಡುಗಿಗೆ ಹೋಗುವ ಆಸೆ, ಎಂಥ ಕೆಲಸ ಗೆದ್ದಿದೆ ಎಂದು ನೋಡಬೇಕಿತ್ತು. ಹೋದೆವು. ಎ.ಸಿ. ಹಾಲ್, ಬಿಳಿ ಗೋಡೆ, ಮೇಲಿಂದ ಬೆಳಕು. ನಡುವಿನ ಗೋಡೆಗೆ ಒಂದು ಕೌದಿ ತೂಗುಹಾಕಿದ್ದರು. ಚೌಕಗಳು, ಚೌಕದೊಳಗೆ ಚೌಕಗಳು.

ನಾನು ಹೋದವಳೇ ಅದರ ಅಂಚು ಹಿಡಿದು ಮಗುಚಿದೆ. ಹಿಂದೂ ಮುಂದೂ ಒಂದೇ ಸಮ. ಆ ಹೊಲಿಗೆಯನ್ನು ನಾನು ಕತ್ತಲೆಯಲ್ಲೂ ಗುರುತಿಸುತ್ತೇನೆ. ನಡುವೆ ಬೆರಳಿಟ್ಟು ಒತ್ತಿದೆ, ಕಾಳು ಸಿಕ್ಕವು. ಒಂದು, ಎರಡು, ಐದೂ ಇದ್ದವು. ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಅವಳೂ ಮೆಲ್ಲಗೆ ಕೈ ಚಾಚಿದಳು. ಅಷ್ಟರಲ್ಲಿ ಯೂನಿಫಾರ್ಮಿನವನೊಬ್ಬ ಓಡಿ ಬಂದು, ಮುಟ್ಟಬೇಡಿ, ದೂರದಿಂದ ನೋಡಿ ಎಂದು ಗದರಿದ. ಎರಡು ತಿಂಗಳು ಆ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಪಕ್ಕದ ಚೀಟಿಯಲ್ಲಿ ಡಿಸೈನ್ ಹುಡುಗಿಯ ಹೆಸರಿತ್ತು, ಕೆಳಗೆ ಸ್ವಂತ ಕೃತಿ ಎಂದಿತ್ತು.

ಆ ಹುಡುಗಿ ದೂರದಿಂದಲೇ ನಮ್ಮನ್ನು ಕಂಡು ಓಡಿ ಬಂದಳು. ಬಗ್ಗಿ ನನ್ನ ಕಾಲು ಮುಟ್ಟಿದಳು. ನನ್ನ ಹುಡುಗಿಯ ಹೆಗಲ ಮೇಲೆ ಕೈ ಹಾಕಿ, ಸಂದರ್ಶನದಲ್ಲಿ ಕೂತಿದ್ದ ಮೂವರ ಎದುರಿಗೆ ಒಯ್ದು, ಇವರೇ ನನ್ನ ಆರ್ಟಿಸನ್ಸ್ ಎಂದು ಪರಿಚಯಿಸಿದಳು. ಅವಳ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ಕದ್ದಿದ್ದೇನೆ ಎಂದು ಗೊತ್ತಿರುವವರಿಗೆ ಎರಡು ಮಾತು ಬೈಯಬಹುದು. ಇವಳಿಗೆ ಗೊತ್ತೇ ಇರಲಿಲ್ಲ. ಆ ಮೂವರು ನನ್ನ ಹುಡುಗಿಯನ್ನು ನೋಡಿ ನಕ್ಕರು, ನೆನಪಾದಂತೆ ಕಾಣಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ನನ್ನ ಸೆರಗು ಹಿಡಿದು ಜಗ್ಗಿದಳು. ಹೊರಗೆ ಬಂದೆವು.

ಬಸ್ಸಿನಲ್ಲಿ ಬಾಗೇವಾಡಿ ತಲುಪುವವರೆಗೆ ನಾನು ಒಬ್ಬಳೇ ಬಡಬಡಿಸಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವ ಹೊತ್ತಿಗೆ ಒಂದೇ ಮಾತು ಹೇಳಿದಳು: "ನಾ ಹೋಗಲಿಲ್ಲಂದ್ರೂ ನನ್ನ ಹೊಲಿಗಿ ಹೋಗತೈತಲ್ರಿ." ಆ ಸಮಾಧಾನ ಕೇಳಿ ನನಗೆ ಇನ್ನಷ್ಟು ಮೈಯುರಿಯಿತು. ಇಷ್ಟಕ್ಕೇ ಸಮಾಧಾನಪಡುವುದನ್ನು ಈ ಹುಡುಗಿಯರಿಗೆ ಯಾರು ಕಲಿಸಿದರು? ಟೇಬಲ್ಲಿಗೆ ಬಟ್ಟೆ ಹಾಸಿಸಿದ ನಾವೇ ಕಲಿಸಿರಬೇಕು.

ಮನೆಗೆ ಬಂದು ಆಯ್ಕೆ ಮಾಡಿದವರಿಗೆ ನಾಲ್ಕು ಪುಟದ ಪತ್ರ ಬರೆದೆ. ಆ ಕೌದಿ ಯಾರ ಕಟ್ಟೆಯ ಮೇಲೆ ಹೊಲಿದದ್ದು, ಯಾರು ಶುರು ಮಾಡಿದರು, ಯಾರು ಮುಚ್ಚಿದರು, ಕೊರಿಯರ್ ಮಾಡಿದ್ದು ಯಾರು, ಎಲ್ಲ ಬರೆದೆ. ರಸೀದಿಯ ಫೋಟೋ ಹಚ್ಚಿದೆ. ಬಹಳ ಮರ್ಯಾದೆಯ ಉತ್ತರ ಬಂತು. ಆ ಕೃತಿಯ ಪರಿಕಲ್ಪನೆ ಮತ್ತು ವಿನ್ಯಾಸ ಅಭ್ಯರ್ಥಿಯದೇ, ಸ್ಥಳೀಯ ಮಹಿಳೆಯರು ಕೊಟ್ಟದ್ದು ತಾಂತ್ರಿಕ ನೆರವು ಮಾತ್ರ, ಆದ್ದರಿಂದ ನಿಯಮ ಮುರಿದಿಲ್ಲ ಎಂದಿತ್ತು. ನಾನು ಅದನ್ನು ಹತ್ತು ಸಲ ಓದಿರಬೇಕು. ಒಂದು ಹೊಲಿಗೆಯನ್ನೂ ಹಾಕದವಳದು ಸಂಪೂರ್ಣ ಸ್ವಂತ ಕೃತಿ. ಅಂಗೈಯಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಹೊಲಿದವಳದು ಸ್ವಂತ ಕೃತಿಯಲ್ಲ. ಕಾಗದದ ಮೇಲೆ ಚೌಕ ಬರೆದರೆ ಅದು ತಲೆ, ಬಟ್ಟೆಯ ಮೇಲೆ ಚೌಕ ಹೊಲಿದರೆ ಅದು ಬರೀ ಕೈ. ಆ ಕೈಗೆ ತಲೆಯೇ ಇಲ್ಲವೆಂದು ತೀರ್ಮಾನಿಸಿದ ಮೂವರು, ಅಂಥ ಕೈಗಳಿಗಾಗಿಯೇ ಇಟ್ಟ ಅವಕಾಶವನ್ನು ಹಂಚಲು ಕೂತಿದ್ದರು. ಮತ್ತೆ ಪತ್ರ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಡಿಸೈನ್ ಹುಡುಗಿ ಹೋದಳು. ಕೌದಿಯೂ ಹೋಯಿತು. ನನ್ನ ಹುಡುಗಿ ಓಣಿಯಲ್ಲೇ ಉಳಿದಳು, ಬಾಗೇವಾಡಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಟ್ರಂಕಿನೊಳಗಿನ ಹಳೆಯ ಕೌದಿ ಮತ್ತೊಂದಿಷ್ಟು ಪುಡಿಯಾಯಿತು. ಅವಳು ಅದನ್ನು ಹೊರಗೆ ತೆಗೆಯುವುದನ್ನೇ ಬಿಟ್ಟಳು.

ಈ ವರ್ಷ ಚಳಿಗಾಲ ಕಳೆದ ಮೇಲೆ, ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ನಾನು ಓಣಿಗೆ ಹೋಗಿದ್ದೆ. ಹುಡುಗಿ ಕಟ್ಟೆಯ ಮೇಲೆ ಹೊಸ ಕೌದಿ ಹರವಿಕೊಂಡು ಕೂತಿದ್ದಳು. ದಪ್ಪ ಕೌದಿ, ನಮ್ಮ ಸೆಕೆಗೆ ಯಾರೂ ಹೊದೆಯಲಾರದಷ್ಟು ಪದರು. ಹೊಲಿಗೆ ನಡುವಿನವರೆಗೆ ಬಂದಿತ್ತು, ಹೊಟ್ಟೆ ಮಾತ್ರ ಬಾಕಿ. ದೊಡ್ಡವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಆಗ ನನ್ನ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಡಿಸೈನ್ ಹುಡುಗಿ. ಉಣ್ಣೆ ಟೋಪಿ, ಹಿಂದೆ ಕಿಟಕಿಯ ಹೊರಗೆ ಹಿಮ. ಅವಳ ಮುಖದಲ್ಲಿ ಗಾಬರಿಯಿತ್ತು.

ಕೌದಿಯ ನಡುವಿನಿಂದ ಪುಟ್ಟ ಹುಳುಗಳು ಹೊರಬರುತ್ತಿವೆಯಂತೆ. ಶಾಲೆಯವರು ಹೆದರಿ, ಬೇರೆ ಬಟ್ಟೆಗಳಿಗೆ ಹತ್ತೀತೆಂದು, ಕೌದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟಿದ್ದಾರಂತೆ. ನನಗೆ ತಕ್ಷಣ ಅರ್ಥವಾಯಿತು. ಯಾರೂ ಹೊದೆಯದ, ಯಾರೂ ತೊಳೆಯದ ಕೌದಿ. ಉಂಡದ್ದು ಅರಗಿರಲಿಲ್ಲ, ಕಾಳಿಗೆ ಹುಳ ಬಿದ್ದಿತ್ತು. ನನಗೆ ನಗು ಬಂತು, ತಡೆದುಕೊಂಡೆ.

"ಒಳಗೆ ಏನೋ ಕಾಳು ಇದೆಯಂತೆ ಆಂಟಿ," ಎಂದಳು ಅವಳು. "ನೀನು ಅದನ್ನ ಯಾಕೆ ಹಾಕಿದೆ, ಅದರ ಅರ್ಥ ಏನು ಅಂತ ಇಲ್ಲಿನ ಮೇಡಂ ಕೇಳ್ತಿದ್ದಾರೆ. ನಾನು ನಾಳೆ ಬರೆದು ಕೊಡಬೇಕು."

ನಾನು ಹೇಳಲು ಹೊರಟಿದ್ದೆ. ಹೇಳಿಕೊಡುವುದು ನನ್ನ ಇನ್ನೊಂದು ಚಟ. ಅಷ್ಟರಲ್ಲಿ ಹುಡುಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೈ ಚಾಚಿ ಫೋನ್ ಇಸಿದುಕೊಂಡಳು.

"ಅದು ಯಾರ ಕೌದಿರಿ ಅಕ್ಕಾರ?" ಎಂದು ಕೇಳಿದಳು.

ಆ ಕಡೆಯವಳು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು.

"ನನ್ನದೇ ಅಂತ ಸಹಿ ಮಾಡೀರಲ್ರಿ. ನಿಮ್ಮ ಕೌದಿ ಹೊಟ್ಯಾಗ ಏನೈತಿ, ಯಾಕೈತಿ, ನಿಮಗ ಗೊತ್ತಿರಬೇಕ್ರಿ."

ದನಿ ಏರಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಅಳತೆ ಹೇಳುವ ದನಿಯೇ. ಆ ಹುಡುಗಿಯ ಮುಖ ಕೆಂಪಾದದ್ದು ಅಷ್ಟು ಚಿಕ್ಕ ಪರದೆಯಲ್ಲೂ ಕಂಡಿತು. ಸಾರಿ ಎಂದಳು, ತನಗೆ ನಿಜವಾಗಿ ಗೊತ್ತಿರಲಿಲ್ಲ ಎಂದಳು, ನೀನೇ ಹೇಳು, ನಿನ್ನ ಹೆಸರು ಹಾಕಿಯೇ ಬರೆಯುತ್ತೇನೆ ಎಂದಳು. ಗೊತ್ತಿಲ್ಲದೆ ಆದ ತಪ್ಪು ಅದೆಂದು ನನಗೂ ಒಂದು ಗಳಿಗೆ ಮನಸ್ಸು ಕರಗಿತು. ನನ್ನ ಹುಡುಗಿ ಮಾತ್ರ ಕರಗಲಿಲ್ಲ.

"ಹೇಳ್ತೇನ್ರಿ. ಆದ್ರ ಫೋನಿನ್ಯಾಗ ಹೇಳೂದಲ್ರಿ ಅದು. ಮೇಡಮ್ಮೋರಿಗೆ ತಿಳಕೋಬೇಕಾಗಿದ್ರ ನನ್ನ ಕರಸ್ರಿ ಅನ್ರಿ. ನನ್ನ ಹಂತ್ಯಾಕ ಪಾಸ್‌ಪೋರ್ಟ್ ಐತಿ. ಬಂದು ಹೇಳ್ತೇನಿ."

ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಆಮೇಲೆ ಮಾತಾಡುತ್ತೇನೆ ಎಂದು ಹೇಳಿ ಕಾಲ್ ಮುಗಿಸಿದೆ. ದೊಡ್ಡವ್ವನಿಗೆ ಅರ್ಧಂಬರ್ಧ ಕೇಳಿಸಿತ್ತು. ಯಾರ ಜೊತೆ ಜಗಳವಾಡುತ್ತಿ ಎಂದು ಹುಡುಗಿಯನ್ನು ಕೇಳಿದಳು. ಜಗಳ ಅಲ್ಲ ಬಿಡು ಎಂದು ಹುಡುಗಿ ಸೂಜಿ ತೆಗೆದುಕೊಂಡಳು. ಆದರೆ ಮೂರು ಸಲ ಪ್ರಯತ್ನಿಸಿದರೂ ಹೊಸ ದಾರ ಪೋಣಿಸಲು ಅವಳಿಗೆ ಆಗಲಿಲ್ಲ. ನಾನು ಇಸಿದುಕೊಂಡು ಪೋಣಿಸಿದೆ. ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ಇದರ ಹೊಟ್ಟಿ ನೀವ ಮುಚ್ಚ್ರಿ ಅಕ್ಕೋರ," ಎಂದಳು.

ಇಷ್ಟು ವರ್ಷದಲ್ಲಿ ಆ ಓಣಿಯಲ್ಲಿ ನನಗೆ ಯಾರೂ ಆ ಕೆಲಸ ಕೊಟ್ಟಿರಲಿಲ್ಲ. ಇಷ್ಟು ದಪ್ಪನೆಯ ಕೌದಿ ಯಾರಿಗೆ ಹೊಲಿದೆ ಎಂದು ಕೇಳಿದೆ. ಮಾರಲು ಇರಬಹುದು ಎಂದುಕೊಂಡಿದ್ದೆ.

"ನನಗ್ರಿ," ಎಂದಳು. "ಅಲ್ಲಿ ಥಂಡಿ ಬಾಳ ಅಂತಲ್ರಿ."

ದೊಡ್ಡವ್ವ ಒಳಗಿನಿಂದ ಮೊರದಲ್ಲಿ ಜೋಳ ತಂದು ನನ್ನ ಮುಂದಿಟ್ಟಳು. ರೂಢಿ ಐದು ಕಾಳಿನದು. ನಾನು ಒಂದು ಹಿಡಿ ಹಾಕಿ ಮುಚ್ಚಿದೆ.